ಕರಡಿಗೆ ನನ್ನ ಚೀಲದಲ್ಲಿತ್ತು

ಗಂಡ ತೀರಿಕೊಂಡ ಮೇಲೆ ಅಕ್ಕ ಸಿಂದಗಿಯಿಂದ ಬಸವನ ಬಾಗೇವಾಡಿಗೆ, ನನ್ನ ಮನೆಗೆ ಬಂದಳು. ಅವಳು ಏಳನೆಯ ತರಗತಿ ಪಾಸಾದವಳು. ನನ್ನನ್ನು ಎರಡನೆಯದರಲ್ಲೇ ಬಿಡಿಸಿ ಎಮ್ಮೆ ಕಾಯಲು ಹಚ್ಚಿದ್ದರು. ಸಣ್ಣಂದಿನಿಂದ ಅವಳದು ಒಂದೇ ಮಾತು: "ನಿನ್ನ ತಲ್ಯಾಗ ಸೆಗಣಿ ತುಂಬೈತಿ." ನನ್ನ ಮೊಮ್ಮಕ್ಕಳ ಎದುರಿಗೂ ಅದನ್ನೇ ಅನ್ನುತ್ತಿದ್ದಳು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನರ್ಸಿಂಗ್ ಕಾಲೇಜಿನ ಸಿಸ್ಟರ್ ಒಬ್ಬರು ನಮ್ಮ ಓಣಿಗೆ ಬಂದರು. ವಯಸ್ಸಾದಂತೆ ಮರೆವು ಹೇಗೆ ಬರುತ್ತದೆ ಎಂಬುದು ಅವರ ಸಂಶೋಧನೆ. ಹಿರಿಯರಿಗೆ ಪ್ರಶ್ನೆ ಕೇಳಿ, ವಿಜಯಪುರಕ್ಕೆ ಕರೆದೊಯ್ದು ಮಿದುಳಿನ ಸ್ಕ್ಯಾನ್ ಮಾಡಿಸುತ್ತಿದ್ದರು. ಅಕ್ಕ ವಾರ, ತಿಂಗಳು, ಹಿಂದುಮುಂದಾಗಿ ಎಣಿಕೆ ಎಲ್ಲವನ್ನೂ ಪಟಪಟ ಹೇಳಿದಳು. ಸಿಸ್ಟರ್ ಹೊಗಳಿದಾಗ ನನ್ನ ಕಡೆ ಕೈ ಮಾಡಿದಳು. "ನಂದೇನ್ ತಗೀತೀರಿ? ಈಕಿ ತಲಿ ಫೋಟೊ ತಗೀರಿ. ಒಳಗ ಎಮ್ಮಿ ಕಾಣಸ್ತಾವು."

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಸ್ಕ್ಯಾನಿಗೆ ಮುಂಚೆ ಅಕ್ಕ ಉಂಗುರ, ಕಿವಿಯೋಲೆ ಬಿಚ್ಚಿದಳು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಎರಡೂ ಕೈಯಿಂದ ಮುಚ್ಚಿಕೊಂಡಳು. ದೀಕ್ಷೆಯಾದಂದಿನಿಂದ ಅದು ಅವಳ ಮೈ ಬಿಟ್ಟಿರಲಿಲ್ಲ.

"ಲೋಹ ಅಷ್ಟ ನಡಿಯಂಗಿಲ್ಲ ಯವ್ವಾ. ಲಿಂಗ ಅರಿವ್ಯಾಗ ಕಟ್ಟಿ ಕೊರಳಾಗ ಹಾಕ್ಕೋರಿ" ಎಂದು ಹೇಳಿ ಸಿಸ್ಟರ್ ಹೊರಗೆ ನಿಂತರು.

ಅಕ್ಕನಿಗೆ ಕರಡಿಗೆಯ ಮುಚ್ಚಳ ತೆಗೆಯಲಾಗಲಿಲ್ಲ. ತೆಗೆದು ಕಟ್ಟಲು ನನಗೆ ಕೊಟ್ಟಳು. "ಗಟ್ಟ್ಯಾಗಿ ಕಟ್ಟು. ಎಮ್ಮಿ ಕಟ್ಟೋ ಕಣ್ಣಿ ಅಲ್ಲ ಅದು."

ನಾನು ಗೋಡೆಯ ಕಡೆ ತಿರುಗಿದೆ. ಕರಡಿಗೆಯನ್ನು ಲಿಂಗದ ಸಮೇತ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಅರಿವೆಯಲ್ಲಿ ಒಂದು ಗೋಟಡಿಕೆ ಕಟ್ಟಿ ಅವಳ ಕೊರಳಿಗೆ ಹಾಕಿದೆ. ಆಮೇಲೆ ನಕ್ಕು ಕೊಟ್ಟುಬಿಡುವುದೆಂದುಕೊಂಡಿದ್ದೆ.

ಸ್ಕ್ಯಾನ್ ಮುಗಿದು ಬಂದವಳು ಗಂಟು ಬಿಚ್ಚಿದಳು. ಸಿಸ್ಟರ್ ಆಗಲೇ ಬೇರೆಯವರನ್ನು ಒಳಗೆ ಕರೆದೊಯ್ದಿದ್ದರು. ಅಂಗೈಯಲ್ಲಿ ಅಡಿಕೆ. "ಲಿಂಗ ಎಲ್ಲೈತೇ ತಂಗಿ?" ಅಂದಳು. ಆ ದನಿಯಲ್ಲಿ ಅವಳು ನನ್ನನ್ನು ಎಂದೂ ಮಾತಾಡಿಸಿರಲಿಲ್ಲ. ನನಗೆ ಅದು ರುಚಿಸಿತು.

"ಮನ್ಯಾಗ ಬಿಟ್ಟ ಬಂದಿ. ಈ ಅಡಿಕಿ ನೀನಽ ಕಟಗೊಂಡ ಬಂದಿ."

"ಇಲ್ಲಿ ನಿನ್ನ ಕೈಯಾಗ ಕೊಟ್ನೆಲ್ಲ?"

"ಎಲ್ಲಿ ಕೊಟ್ಟಿ? ತಲಿ ಕೆಟ್ಟೈತೇನ್ ನಿಂದು?"

ಬಸ್ಸಿನ ದಾರಿಯುದ್ದಕ್ಕೂ, ಮೈಮೇಲೆ ಲಿಂಗವಿಲ್ಲವೆಂದು ಅವಳು ನೀರು ಮುಟ್ಟಲಿಲ್ಲ, ಎದೆ ತಡವಿಕೊಳ್ಳುತ್ತಲೇ ಇದ್ದಳು. ಕರಡಿಗೆ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು. ಮನೆಗೆ ಬಂದು ನಾನೇ ಅದನ್ನು ಅವಳ ದಿಂಬಿನ ಕೆಳಗಿಟ್ಟು ನಾನೇ ಹುಡುಕಿ ಕೊಟ್ಟೆ. "ನೋಡು" ಅಂದೆ. ಅವಳು ಕಣ್ಣಿಗೊತ್ತಿಕೊಂಡು ನನ್ನ ಕೈ ಹಿಡಿದು ಅತ್ತಳು.

ಸ್ಕ್ಯಾನಿನಲ್ಲಿ ವಯಸ್ಸಿಗೆ ಮೀರಿದ್ದೇನೂ ಕಾಣಲಿಲ್ಲ ಎಂದು ಸಿಸ್ಟರ್ ಫೋನಿನಲ್ಲಿ ತಿಳಿಸಿದರು. ಅಕ್ಕ ನಂಬಲಿಲ್ಲ. ಒಲೆ ಆರಿಸಿದೆನೇ, ಉಂಡೆನೇ ಎಂದು ನನ್ನನ್ನು ಕೇಳತೊಡಗಿದಳು. ಸೆಗಣಿಯ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಮುಂದಿನ ವರ್ಷ ಅವವೇ ಪ್ರಶ್ನೆ ಹಿಡಿದು ಸಿಸ್ಟರ್ ಮತ್ತೆ ಬಂದರು. "ಇವತ್ತ ಯಾವ ವಾರ ಯವ್ವಾ?"

ಅಕ್ಕ ಸೋಮವಾರದ ಉಪವಾಸ ಹಿಡಿದು ಕೂತಿದ್ದಳು. ಆದರೂ ನನ್ನ ಮುಖ ನೋಡಿದಳು. "ಆಕಿನ್ನ ಕೇಳ್ರಿ. ನಂದು ತಲಿ ಕೆಟ್ಟೈತಿ."

ಸಿಸ್ಟರ್ ಗಾಬರಿಯಾಗಿ ನನ್ನತ್ತ ತಿರುಗಿದರು. "ಏನಾತ್ರೀ ನಿಮ್ಮ ಅಕ್ಕಾರಿಗೆ? ಎಲ್ಲೆರ ಬಿದ್ರೇನು? ಅಂಜ್ಯಾರೇನು?"

ಆಗ ಹೇಳಬಹುದಿತ್ತು.

"ಏನಿಲ್ರಿ. ವಯಸ್ಸಾತಲ್ರಿ" ಅಂದೆ.

ಅಕ್ಕ ಹೌದೆಂದು ತಲೆಯಾಡಿಸಿದಳು.