ಕೇಳುಗರು ಎರಡನೇ ಗಿಟಾರ್ ಕೇಳಿದ್ದು

ಔಷಧಿ ಅಂಗಡಿಯ ಪಕ್ಕದ ಎರಡು ಪುಟ್ಟ ಕೋಣೆಗಳಲ್ಲಿ, ಕಿವಿ ಮಂದವಾದವರಿಗೆ ಮಷಿನ್ ಕೂರಿಸಿಕೊಡುವ ಹೆಂಗಸನ್ನು ಆ ಬೀದಿಯವರು ಕಿವಿಯಕ್ಕ ಎಂದು ಕರೆಯುತ್ತಾರೆ. ಅವಳಿಗೆ ನಲವತ್ತೆಂಟು ವರ್ಷ. ಔಷಧಿ ಅಂಗಡಿ ಗಂಡನದು. ಎರಡಕ್ಕೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಂಡಿ. ಗಂಡ ಆಗಾಗ ಆ ಕಿಂಡಿಯಲ್ಲಿ ತಲೆ ತೂರಿಸಿ, "ಸ್ವಲ್ಪ ಸಣ್ಣಗೆ ಇಡೇ," ಅನ್ನುತ್ತಾನೆ. ಸಂಗೀತದ ಬಗ್ಗೆ ಅವನಿಗಿರುವ ಅಭಿಪ್ರಾಯ ಅದೊಂದೇ.

ಅವಳ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ, ತಮ್ಮ ಕಿವಿ ನೆಟ್ಟಗಿದೆ, ಮನೆಯವರೇ ಬಾಯೊಳಗೆ ಗೊಣಗುತ್ತಾರೆ ಎಂದು ದೂರುತ್ತಲೇ ಒಳಗೆ ಕಾಲಿಡುತ್ತಾರೆ. ಅವಳು ವಾದಕ್ಕಿಳಿಯುವುದಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾಳೆ, ಗುಗ್ಗೆ ಕಟ್ಟಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಾಳೆ, ಇಲ್ಲದಿದ್ದರೆ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾಳೆ. ಒಂದೇ ಮಾತನ್ನು ಆರು ಸಲ ಹೇಳಬೇಕಾಗಿ ಬಂದರೂ ಆರನೆಯ ಸಲವೂ ಮೊದಲ ಸಲದಷ್ಟೇ ಮೆತ್ತಗೆ ಹೇಳುತ್ತಾಳೆ.

ಇಷ್ಟು ತಾಳ್ಮೆಯ ಹೆಂಗಸು ಒಂದೇ ಒಂದು ವಿಷಯಕ್ಕೆ ಉರಿದು ಬೀಳುತ್ತಿದ್ದಳು. ಅದು ‘ಏಣಿ’.

‘ಏಣಿ’ ಎಂದರೆ ಅದೇ ಊರಿನ ನಾಲ್ಕು ಹುಡುಗರ ರಾಕ್ ತಂಡ ತಂದ ಮೂರನೆಯ ಆಲ್ಬಮ್, ಅದೇ ಕೊನೆಯದು ಕೂಡ. ಹೊದಿಕೆಯ ಮೇಲೆ ಬಿಳಿ ಗೋಡೆಗೆ ಒರಗಿಸಿದ ಮರದ ಏಣಿಯ ಚಿತ್ರ. ಎಂಟು ಹಾಡು, ನಲವತ್ತೊಂದು ನಿಮಿಷ. ಅದು ಹೊರಬಂದಾಗ ಅವಳಿಗೆ ಹದಿನಾರು. ಕ್ಯಾಸೆಟ್ ಕೊಂಡ ವಾರದಲ್ಲೇ ಅದರ ಒಂದೊಂದು ಹಾಡೂ ಅವಳಿಗೆ ಬಾಯಿಪಾಠವಾಗಿತ್ತು. ಆ ಶುಕ್ರವಾರ ಊರಿನ ಪತ್ರಿಕೆಯಲ್ಲಿ ವಿಮರ್ಶೆ ಬಂತು: "ಗೋಣಿಚೀಲ ಹೊದ್ದು ನುಡಿಸಿದಂತಿದೆ. ಡ್ರಮ್ಮಿಗೆ ಉಸಿರಿಲ್ಲ. ಎರಡನೇ ಗಿಟಾರ್ ನುಡಿಸಿದವರ ಹೆಸರು ಹೊದಿಕೆಯ ಮೇಲಿದೆ, ಹಾಡಿನಲ್ಲಿ ಅವರು ಕಾಣೆ. ಐದನೇ ಹಾಡು ಸಪ್ಪೆ. ಈ ಏಣಿ ಎಲ್ಲಿಗೂ ಹತ್ತಿಸುವುದಿಲ್ಲ." ಕೆಳಗೆ ಸಹಿ, ಕೇಳುಗ.

ಪತ್ರಿಕೆಯಲ್ಲಿ ಬಂದದ್ದೇ ವೇದವಾಕ್ಯವಾಗಿದ್ದ ಕಾಲ. ಕ್ಯಾಸೆಟ್ಟುಗಳು ಅಂಗಡಿಯ ಕಪಾಟಿನಲ್ಲೇ ಧೂಳು ತಿಂದವು. ವರ್ಷ ಕಳೆಯುವುದರೊಳಗೆ ತಂಡ ಚದುರಿತು. ಕಿವಿಯಕ್ಕ ಆ ಐದು ವಾಕ್ಯಗಳನ್ನು ಮರೆಯಲಿಲ್ಲ.

ಮದುವೆಯಾದ ಮೇಲೆ ಅವಳಿಗೆ ಜಗಳವಾಡಲು ಮನೆಯಲ್ಲೇ ಆಸಾಮಿ ಸಿಕ್ಕಿದರು. ಗಂಡನ ಅಣ್ಣ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಆ ತಂಡವೆಂದರೆ ಅವರಿಗೂ ಪ್ರಾಣ, ಆದರೆ ಅವರದು ಎರಡನೇ ಆಲ್ಬಮ್ಮಿನ ಪಕ್ಷ. ಪ್ರತಿ ಭಾನುವಾರ ಮಧ್ಯಾಹ್ನ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಸೇರುತ್ತಿದ್ದರು: ಭಾವ, ಕಿವಿಯಕ್ಕ, ಅಂಚೆ ಹಂಚುವ ಒಬ್ಬ ಹೆಂಗಸು ಮತ್ತು ಗಣಿತದ ಮೇಷ್ಟ್ರು. ಎತ್ತು ಏರಿಗೆ, ಕೋಣ ನೀರಿಗೆ.

"ಎರಡನೇದೇ ಗಟ್ಟಿ ಕಣಮ್ಮಾ," ಅನ್ನುವರು ಭಾವ, ಚಕ್ರದ ಡೊಂಕು ತೆಗೆಯುತ್ತಾ. "ಹಾಕಿದ್ರೆ ಕಾಲು ತಾನಾಗೇ ಕುಣಿಯುತ್ತೆ. ನಿನ್ನ ಏಣಿ ಹಾಕಿದ್ರೆ ನಿದ್ದೆ ಬರುತ್ತೆ."

"ನಿದ್ದೆ ಬರೋದು ನೀವು ಹೊಟ್ಟೆ ಬಿರಿಯೋ ಹಾಗೆ ಊಟ ಮಾಡಿ ಕೂರೋದ್ರಿಂದ, ಭಾವ. ಆರನೇ ಹಾಡಲ್ಲಿ ಡ್ರಮ್ಮು ನಿಂತು, ಎರಡು ಗಿಟಾರೂ ಒಂದನ್ನೊಂದು ಅಟ್ಟಿಸ್ಕೊಂಡು ಹೋಗ್ತವಲ್ಲ, ಅಂಥದ್ದು ನಿಮ್ಮ ಎರಡನೇ ಆಲ್ಬಮ್ಮಲ್ಲಿ ಎಲ್ಲಿದೆ ತೋರ್ಸಿ."

ಅಂಚೆಯಮ್ಮ ಕಿವಿಯಕ್ಕನ ಕಡೆ, ಅದೂ ಆರನೇ ಹಾಡು ಮುಗಿಯುವ ತನಕ ಮಾತ್ರ. ಏಳನೆಯದು ಶುರುವಾದರೆ ಆಕೆ ಎದ್ದು ಹೊರಡುವಳು. ಮೇಷ್ಟ್ರು ಕೊನೆಗೆ ತೀರ್ಪು ಕೊಡುವರು: "ಎರಡಕ್ಕೂ ನೂರಕ್ಕೆ ಅರವತ್ತು." ಆಗ ಭಾವ, ಕಿವಿಯಕ್ಕ ಇಬ್ಬರೂ ಒಂದಾಗಿ ಮೇಷ್ಟ್ರ ಮೇಲೆ ಬೀಳುವರು.

ಹೀಗಿರುವಾಗ ಒಂದು ಮಂಗಳವಾರ, ಎಪ್ಪತ್ತನಾಲ್ಕು ವರ್ಷದ ಮಾವನನ್ನು ಸೊಸೆಯೊಬ್ಬಳು ಕರೆದುಕೊಂಡು ಬಂದಳು. ಕೂಗಿ ಕೂಗಿ ಆ ಸೊಸೆಯ ಗಂಟಲು ಕಟ್ಟಿತ್ತು.

"ನನ್ನ ಕಿವಿಗೇನೂ ಆಗಿಲ್ಲ," ಎಂದರು ಮಾವ, ಕುರ್ಚಿಯಲ್ಲಿ ನೆಟ್ಟಗೆ ಕೂತು. "ಈಗಿನವರು ಮಾತಿನ ಕೊನೇನ ನುಂಗ್ತಾರೆ, ಅಷ್ಟೆ."

"ಟೀವಿ ಸದ್ದಿಗೆ ಮೇಲಿನ ಮನೆಯವರು ಜಗಳಕ್ಕೆ ಬಂದಿದ್ರು," ಎಂದಳು ಸೊಸೆ.

"ಏನಂತಾಳೆ?"

"ಮೇಲಿನ ಮನೆಯವರು!"

"ಒಳ್ಳೇ ಜನ," ಎಂದರು ಅವರು.

ಕಿವಿಯಕ್ಕ ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಲು ಹೇಳಿದಳು. ದಪ್ಪ ದನಿಗಳಿಗೆ ಅವರು ಟಕ್ ಟಕ್ ಎಂದು ಒತ್ತಿದರು. ದನಿ ಸಣ್ಣಗಾಗಿ ಮೇಲೇರುತ್ತ ಹೋದಂತೆ ಕೈ ಸುಮ್ಮನಾಯಿತು. ಕಾಗದದ ಮೇಲೆ ಗೆರೆ ಮೊದಲು ಸಮತಟ್ಟಾಗಿ ಹೋಗಿ, ಆಮೇಲೆ ಜಾರುಬಂಡೆಯ ಹಾಗೆ ಕೆಳಗಿಳಿಯಿತು. ಅಂಥ ಗೆರೆಗಳನ್ನು ಅವಳು ಬಹಳ ಕಂಡಿದ್ದಳು.

ಅವರ ಎದುರಿಗೆ ಕೂತು, ತುಟಿ ಕಾಣುವ ಹಾಗೆ ಕೇಳಿದಳು: "ಇದು ಬರೀ ವಯಸ್ಸಿಂದ ಬಂದಿದ್ದಲ್ಲ ಸರ್, ಹಳೇದು. ತುಂಬಾ ಸದ್ದಿರೋ ಜಾಗದಲ್ಲಿ ಕೆಲಸ ಮಾಡ್ತಿದ್ರಾ?"

"ಪತ್ರಿಕೆ ಕಚೇರಿ. ಮುದ್ರಣಯಂತ್ರ ಕೆಳಗೆ, ನನ್ನ ಮೇಜು ಮೇಲೆ, ನಡುವೆ ಬರೀ ಹಲಗೆ. ಇಪ್ಪತ್ತೈದನೇ ವಯಸ್ಸಿಂದ. ಯಂತ್ರ ಶುರುವಾದ್ರೆ ಮೇಜಿನ ಮೇಲಿನ ಪೆನ್ಸಿಲು ತಾನಾಗೇ ನಡೀತಿತ್ತು."

"ಏನು ಬರೀತಿದ್ರಿ?"

"ನಲ್ಲಿ ನೀರು, ರಸ್ತೆ ಗುಂಡಿ, ಆಟೋಟ. ಶುಕ್ರವಾರ ಸಂಗೀತ. ಅದಕ್ಕೆ ಕೇಳುಗ ಅಂತ ಹೆಸರಿಟ್ಕೊಂಡಿದ್ದೆ."

ಕಿವಿಯಕ್ಕನ ಪೆನ್ನು ಗೆರೆಯ ಮೇಲೆ ನಿಂತೇಬಿಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ನಗು ಬಂತು, ಅದರ ಹಿಂದೆಯೇ ಹದಿನಾರನೇ ವಯಸ್ಸಿನ ಸಿಟ್ಟೂ ಬಂತು. ಕಿಂಡಿಯಿಂದ ಗಂಡ ಅವಳ ಮುಖ ನೋಡಿ, "ಏನಾಯ್ತೇ?" ಎಂದ.

"ಏನಿಲ್ಲ. ಒಂದು ಲೋಟ ನೀರು ಕೊಡಿ."

ನೀರು ಕುಡಿದು ಅವಳು ಕೆಲಸ ಮುಂದುವರಿಸಿದಳು. ಆ ಕುರ್ಚಿಯಲ್ಲಿ ಕೂತವರು ಯಾರೇ ಆಗಲಿ, ಅವರ ಕಿವಿ ಅವಳ ಜವಾಬ್ದಾರಿ. ಎರಡೂ ಕಿವಿಗೆ ಅಳತೆಯ ಅಚ್ಚು ತೆಗೆದು, ಹತ್ತು ದಿನ ಬಿಟ್ಟು ಬರಲು ಹೇಳಿ ಕಳಿಸಿದಳು.

ಸಂಜೆ ಮನೆಗೆ ನಡೆಯುವಾಗ ಗಂಡನಿಗೆ ಎಲ್ಲ ಹೇಳಿದಳು. "ಮೂವತ್ತೆರಡು ವರ್ಷದಿಂದ ಬೈಕೊಂಡು ಬಂದಿದೀನಿ. ತಾನಾಗೇ ಬಂದು ನನ್ನ ಕುರ್ಚೀಲಿ ಕೂತ್ರಲ್ಲ ರೀ!"

"ಹಾಗಾದ್ರೆ ಒಂದೇ ಕಿವಿಗೆ ಮಷಿನ್ ಹಾಕು," ಎಂದ ಗಂಡ.

ಮಷಿನ್ ಹಾಕಿಸಿಕೊಂಡ ದಿನ ಮುದುಕರು ಮೊದಲು ಕೇಳಿದ್ದು, "ಏನದು ಚರಚರ?"

"ನಿಮ್ಮ ಕೈಲಿರೋ ಪತ್ರಿಕೆ."

ಅವರು ಪುಟ ತಿರುವಿದರು. ಮತ್ತೆ ತಿರುವಿದರು. "ನಲವತ್ತು ವರ್ಷ ಕಾಗದದ ಜೊತೆ ಬಾಳಿದೀನಿ. ಇದು ಇಷ್ಟು ಮಾತಾಡುತ್ತೆ ಅಂತ ಯಾರೂ ಹೇಳ್ಲಿಲ್ವಲ್ಲ!"

ಎರಡು ವಾರದ ಮೇಲೆ ಮಷಿನ್ನಿನ ಸದ್ದು ಹೊಂದಿಸಲು ಬಂದಾಗ ಕಿವಿಯಕ್ಕ ಇನ್ನು ತಡೆಯಲಾರದೆ, "ಸರ್, ಒಂದು ಹೇಳ್ತೀನಿ, ಕೇಳಿ," ಎಂದು ಆ ಐದು ವಾಕ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಅವರು ತಲೆ ವಾರೆ ಮಾಡಿ ಗಮನವಿಟ್ಟು ಕೇಳಿದರು. "ಚೆನ್ನಾಗಿದೆ. ಒಂದು ಪದ ಹೆಚ್ಚಿಲ್ಲ. ಯಾರು ಬರೆದಿದ್ದು?"

"ನೀವೇ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮುದುಕರಿಗೆ ಒಂದು ಸಾಲೂ ನೆನಪಿರಲಿಲ್ಲ. ಶುಕ್ರವಾರದ ಪುಟಕ್ಕೆ ಗುರುವಾರ ಐದರೊಳಗೆ ಕೊಡಬೇಕಿತ್ತು, ಯಂತ್ರ ಶುರುವಾಗುವ ಮುಂಚೆ ಒಂದು ಸಲ ಕೇಳಿ ಬರೆದುಬಿಡುತ್ತಿದ್ದೆ ಎಂದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಗೆರೆಯ ಕಾಗದವನ್ನು ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಆಗಲೇ ನನಗೆ ಕೇಳ್ತಿರ್ಲಿಲ್ಲ ಅಂತೀರಾ?"

"ಮೇಲಿನ ದನಿಗಳು ಆಗಲೇ ಹೋಗಿರ್ಬೇಕು. ಎರಡನೇ ಗಿಟಾರ್ ಇರೋದೇ ಅಲ್ಲಿ."

"ಆ ಹುಡುಗರು ಏನಾದ್ರು?"

"ತಂಡ ಒಡೀತು. ನಿಮ್ಮೊಬ್ಬರಿಂದಲೇ ಅಲ್ಲ ಬಿಡಿ. ಒಬ್ಬನಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು, ಒಬ್ಬನಿಗೆ ಮದುವೆ ಆಯ್ತು."

"ನನ್ನಿಂದ ಸ್ವಲ್ಪ."

ಅವಳು ಸುಳ್ಳು ಹೇಳಲಿಲ್ಲ. "ಸ್ವಲ್ಪ," ಎಂದಳು. "ಭಾನುವಾರ ಬನ್ನಿ. ಇನ್ನೊಂದು ಸಲ ಕೇಳಿ."

ಮಾತಿಗೆ ಹೊಂದಿಸಿದ ಮಷಿನ್ ಹಾಡನ್ನು ಗದ್ದಲವೆಂದು ತಿಳಿದು ಅದುಮಿಬಿಡುತ್ತದೆ. ಆದ್ದರಿಂದ ಶನಿವಾರವೇ ಅವರನ್ನು ಕರೆಸಿ, ಹಾಡಿಗೆಂದೇ ಬೇರೆ ಹೊಂದಿಕೆ ಮಾಡಿಕೊಟ್ಟಳು. ಇದು ಭಾವನ ಕಿವಿಗೂ ಬಿತ್ತು. "ನ್ಯಾಯಾಧೀಶರ ಕಿವೀನೇ ನಿನ್ನ ಕೈಲಿದ್ರೆ ಇದ್ಯಾವ ಸೀಮೆ ನ್ಯಾಯ?" ಎಂದು ತಕರಾರು ತೆಗೆದರು. ಆದರೂ ಹಿಂದಿನ ಕೋಣೆ ಗುಡಿಸಿ, ಟಯರುಗಳನ್ನು ಮೂಲೆಗೆ ಸರಿಸಿ, ಇದ್ದ ಒಂದೇ ಬೆನ್ನಿರುವ ಕುರ್ಚಿಯನ್ನು ಅತಿಥಿಗೆ ಒರೆಸಿಟ್ಟವರೂ ಅವರೇ.

ಭಾನುವಾರ ಆ ‘ಕೇಳುಗ’ ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಜೊತೆಗೆ ಸೊಸೆ. ಕಿವಿಯಕ್ಕ ಕ್ಯಾಸೆಟ್ ಹಾಕಿದಳು.

ಮೊದಲ ಹಾಡಿನುದ್ದಕ್ಕೂ ಮುದುಕರ ಮುಖ ಕಲ್ಲಿನ ಹಾಗಿತ್ತು. ಎರಡನೆಯದು ಅರ್ಧಕ್ಕೆ ಬಂದಾಗ ಅವರು ತೋರುಬೆರಳು ಎತ್ತಿದರು. "ಇದ್ಯಾರು?"

"ಯಾರು ಸರ್?"

"ಹಿಂದುಗಡೆ ಒಬ್ಬ ಸಣ್ಣಗೆ ಸುತ್ತುತಾ ಇದ್ದಾನಲ್ಲ, ಬಳ್ಳಿ ಹಾಗೆ."

"ಅದೇ ಎರಡನೇ ಗಿಟಾರ್."

"ಇದು ಮೊದಲಿಂದಲೂ ಇತ್ತಾ?"

"ಮೂವತ್ತೆರಡು ವರ್ಷದಿಂದ ಇದೆ," ಎಂದಳು ಕಿವಿಯಕ್ಕ.

ಅವರು ಕಣ್ಣು ಮುಚ್ಚಿಕೊಂಡರು. ಅಲ್ಲಿಂದಾಚೆ ಬೆರಳು ಇಳಿಯಲೇ ಇಲ್ಲ. ಗಿಟಾರ್ ಹೋದ ಕಡೆಗೆಲ್ಲ ಅದೂ ಹೋಯಿತು. ಆರನೇ ಹಾಡಿನಲ್ಲಿ ಡ್ರಮ್ಮು ನಿಂತು ಎರಡೂ ಗಿಟಾರುಗಳು ಓಡತೊಡಗಿದಾಗ ಮುದುಕರು ಕುರ್ಚಿಯ ತುದಿಗೆ ಬಂದು, "ಹಿಡಿ, ಹಿಡಿ, ಬಿಡಬೇಡ!" ಎಂದು ಕೂಗಿದರು. ಅಂಚೆಯಮ್ಮ ಏಳನೇ ಹಾಡಿಗೂ ಏಳಲಿಲ್ಲ.

ಮುಗಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. "ಗೋಣಿಚೀಲ ಹೊದ್ದಿದ್ದು ಅವರಲ್ಲ, ನಾನು. ಒಪ್ಕೋತೀನಿ. ಆದ್ರೆ ಐದನೇ ಹಾಡು ಸಪ್ಪೇನೇ. ಆಗ ಕೇಳದೆ ಬೈದಿದ್ದೆ, ಈಗ ಕೇಳಿ ಬೈತಿದೀನಿ."

ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಕಿವಿಯಕ್ಕ ಐದನೇ ಹಾಡಿನ ಪರವಾಗಿ ಎದ್ದು ನಿಂತಳು. ಭಾವ ತೊಡೆ ತಟ್ಟಿಕೊಂಡು, "ನೋಡಿದ್ಯಾ! ಸರ್, ನೀವು ಎರಡನೇ ಆಲ್ಬಮ್ಮನ್ನ ಹೊಗಳಿ ಬರೆದಿದ್ರಿ, ನಾನು ಓದಿದೀನಿ. ಅದನ್ನೂ ಕೇಳಿಬಿಡಿ, ಇತ್ಯರ್ಥ ಆಗಿಹೋಗ್ಲಿ," ಎಂದು ತಾವೇ ಹಾಕಿದರು.

ಎರಡು ಹಾಡು ಆಗುವುದರೊಳಗೆ ಮುದುಕರ ಹುಬ್ಬು ಗಂಟಾಯಿತು. "ಹಾಡೋನು ‘ಸ’ ಅಂದಾಗೆಲ್ಲ ಚಕ್ರದ ಗಾಳಿ ಹೋದ ಹಾಗೆ ಕೇಳುತ್ತಲ್ಲ? ಇವನನ್ನ ನಿಮ್ಮ ಅಂಗಡಿಗೇ ಕರ್ಕೊಂಡು ಬಂದು ಪಂಕ್ಚರ್ ಹಾಕಿಸ್ಬೇಕು."

ಭಾವನ ಮುಖ ನೋಡಿ ಗಣಿತದ ಮೇಷ್ಟ್ರು ಕೆಳಗೆ ಬೀಳುವಷ್ಟು ನಕ್ಕರು. ಕೊನೆಗೆ ಭಾವನೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ಆದರೆ ಪಕ್ಷ ಮಾತ್ರ ಬದಲಿಸಲಿಲ್ಲ. "ಗಾಳಿ ಹೋದ್ರೂ ಗಾಡಿ ಓಡುತ್ತೆ ಸಾರ್," ಎಂದರು.

ಮುಂದಿನ ಶುಕ್ರವಾರ, ಊರಿನ ಪತ್ರಿಕೆಯ ಒಳಪುಟದಲ್ಲಿ ಬೆರಳುದ್ದದ ಒಂದು ಬರಹ ಬಂತು. ತಲೆಬರಹ ‘ತಿದ್ದುಪಡಿ’. "ಮೂವತ್ತೆರಡು ವರ್ಷಗಳ ಹಿಂದೆ ‘ಏಣಿ’ ಆಲ್ಬಮ್ಮಿನಲ್ಲಿ ಎರಡನೇ ಗಿಟಾರ್ ಕಾಣೆ ಎಂದು ಬರೆದಿದ್ದೆ. ಎರಡನೇ ಗಿಟಾರ್ ಇದೆ. ಬಹಳ ಚೆನ್ನಾಗಿದೆ. ಕಾಣೆಯಾಗಿದ್ದದ್ದು ನನ್ನ ಕಿವಿ. ನುಡಿಸಿದವರ ಕ್ಷಮೆ ಕೇಳುತ್ತೇನೆ. ಐದನೇ ಹಾಡಿನ ಬಗ್ಗೆ ಹಿಂದಿನ ಅಭಿಪ್ರಾಯಕ್ಕೇ ಬದ್ಧ." ಕಿವಿಯಕ್ಕ ಅದನ್ನು ಅಂಗಡಿ ಬಾಗಿಲಲ್ಲೇ ನಿಂತು ಓದಿದಳು. ಕೊನೆಯ ಸಾಲಿಗೆ ಬಂದಾಗ, "ಮೊಂಡ ಮುದುಕ!" ಎಂದು ಎಷ್ಟು ಜೋರಾಗಿ ನಕ್ಕಳೆಂದರೆ ಗಂಡ ಕಿಂಡಿಯಿಂದ ಬಗ್ಗಿ ನೋಡಿದ. ಸಣ್ಣಗೆ ನಗು ಎಂದು ಮಾತ್ರ ಅವನು ಹೇಳಲಿಲ್ಲ.

ಆ ಭಾನುವಾರ ಸೈಕಲ್ ಅಂಗಡಿಗೆ ಹನ್ನೊಂದು ಜನ ಬಂದರು. ಇಬ್ಬರು ಅಟ್ಟದ ಮೇಲೆಲ್ಲೋ ಬಿದ್ದಿದ್ದ ‘ಏಣಿ’ ಕ್ಯಾಸೆಟ್ ಹುಡುಕಿ ತಂದಿದ್ದರು. ಕೂರಲು ಜಾಗವಿಲ್ಲದೆ ಕೆಲವರು ಸೈಕಲ್ ಸೀಟುಗಳ ಮೇಲೇ ಕೂತರು. ಮುದುಕರು ಐದನೇ ಹಾಡು ಯಾಕೆ ಸಪ್ಪೆ ಎಂದು ಬೆರಳು ಮಡಿಸಿ ಕಾರಣ ಹೇಳುತ್ತಿದ್ದರು. ಮೂರನೇ ಬೆರಳಿಗೆ ಬಂದಾಗ, ಬಾಗಿಲ ಹತ್ತಿರ ನಿಂತಿದ್ದ ಸೊಸೆ ತನ್ನ ಮಾಮೂಲಿ ದನಿಯಲ್ಲಿ, ಕೂಗದೆ, "ಮಾವ, ನಂಗೆ ಎಲ್ಲಕ್ಕಿಂತ ಐದನೇ ಹಾಡೇ ಇಷ್ಟ," ಎಂದಳು.

"ಏನಂದೆ?" ಎಂದರು ಮಾವ.

ಕಿವಿಯಕ್ಕನ ಕಣ್ಣು ತಟ್ಟನೆ ಮಷಿನ್ನಿನ ಕಡೆ ಹೋಯಿತು.

"ಅಯ್ಯೋ, ಕೇಳಿಸ್ತು. ನಂಬಕ್ಕಾಗ್ಲಿಲ್ಲ, ಅದಕ್ಕೇ ಕೇಳ್ದೆ."

ಸೊಸೆ ಬಿಡಲಿಲ್ಲ. ಆ ಹಾಡು ಮೆಲ್ಲಗಿರುವುದೇ ಅದರ ಸೊಗಸು, ಎಲ್ಲವೂ ಕೂಗಲೇಬೇಕೆಂದು ಎಲ್ಲಿ ಬರೆದಿದೆ ಎಂದಳು. ಮಾವ ಬಿಡಲಿಲ್ಲ. ಹೊರಡುವ ಹೊತ್ತಾದರೂ ವಾದ ಮುಗಿಯಲಿಲ್ಲ. ಹೋಗುವ ಮುನ್ನ ಸೊಸೆ ಕಿವಿಯಕ್ಕನ ಕೈ ಹಿಡಿದು ಹೇಳಿದಳು, "ಏಳು ವರ್ಷದಿಂದ ಈ ಮನೇಲಿ ಬರೀ ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ ಅಂತ ಕೂಗಿದ್ದೇ ಆಯ್ತು ಅಕ್ಕಾ. ಕೂಗ್ತಾ ಜಗಳ ಆಡಕ್ಕಾಗಲ್ಲ. ಇವರು ಇಷ್ಟು ಮಾತುಗಾರರು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಕಿವಿಯಕ್ಕ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವರಿಬ್ಬರೂ ಹೋಗುವುದನ್ನು ನೋಡಿದಳು. ಬೀದಿಯ ಕೊನೆಯ ಬಸ್ ನಿಲ್ದಾಣದಲ್ಲಿ ಮಾವ ಕೈಯೆತ್ತಿ ಏನೋ ಹೇಳುತ್ತಿದ್ದರು, ಸೊಸೆ ತಲೆಯಾಡಿಸಿ ಅಲ್ಲಗಳೆಯುತ್ತಿದ್ದಳು. ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಹತ್ತಲಿಲ್ಲ.