ಕದ ಬಿಚ್ಚಿದ ದಿನ

ಮೈಸೂರಿನಿಂದ ಮದುವೆಯಾಗಿ ಕೇಶ್ವಾಪುರಕ್ಕೆ ಬಂದ ಹೊಸತರಲ್ಲಿ, ಒಮ್ಮೆ ಬಚ್ಚಲುಮನೆಯ ಚಿಲಕ ಕಚ್ಚಿಕೊಂಡು ನಾನು ಒಳಗೇ ಉಳಿದೆ. ಎಷ್ಟು ಎಳೆದರೂ ಅಲುಗಲಿಲ್ಲ. ಕದ ಬಡಿದು ಕೂಗಿದೆ.

"ಅಂಜಬ್ಯಾಡವಾ, ಬಡಿಗ್ಯಾರು ಬರಾಕತ್ತಾರ. ಕದಾನ ಬಿಚ್ಚತಾರ" ಎಂದರು ಹೊರಗಿನಿಂದ ಅತ್ತೆ. ಜೊತೆಗೇ, "ಅಲ್ಲೀತನಕಾ ನೀ ಮನಸ ಬಿಚ್ಚಿ ಏನರ ಮಾತಾಡು. ಬಂದಾಗಿಂದ ಸುಮ್ಮನ ಇದ್ದಿ" ಎಂದರು.

ಕದಕ್ಕೂ ನನಗೂ ಅವರು 'ಬಿಚ್ಚು' ಎಂಬ ಒಂದೇ ಮಾತು ಬಳಸಿದ್ದರು. ಮುಖ ಕಾಣದ್ದರಿಂದಲೋ ಏನೋ, "ಅತ್ತೆ, ಈ ಮನೆಯಲ್ಲೇ ಸಿಕ್ಕಿಹಾಕಿಕೊಂಡ ಹಾಗೆ ಅನ್ನಿಸುತ್ತೆ" ಎಂದು ಅತ್ತುಬಿಟ್ಟೆ.

ಅತ್ತೆ ಕದದ ಹತ್ತಿರ ಸರಿದು ಬಂದ ಸದ್ದಾಯಿತು. ಆಮೇಲೆ, "ನನಗೂ ಹಂಗ ಅನಿಸಿತ್ತು. ಯಾರ ಮುಂದನೂ ಅಂದಿಲ್ಲ" ಎಂದರು.

ಬಡಿಗರು ಬಂದು, ತಿರುಪು ತೆಗೆದು ಕದವನ್ನು ಕೆಳಗಿಳಿಸಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ನಿಂತೆವು.