ಪರದೆಯ ಮೇಲೆ ಒಂದೇ ಹಸಿರು ಹಸು

ಕೆಂಚನಕೊಪ್ಪಲಿನ ಹಾಲಿನ ಡೇರಿಯಲ್ಲಿ ಶಿವರುದ್ರಮ್ಮ ಕೂರುವ ಪ್ಲಾಸ್ಟಿಕ್ ಕುರ್ಚಿಗೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಎರಡು ಇಟ್ಟಿಗೆ. ಆದರೂ ರಾವಂದೂರು ಹೋಬಳಿಯಲ್ಲಿ ಅದಕ್ಕಿಂತ ಭದ್ರವಾದ ಸಿಂಹಾಸನ ಇನ್ನೊಂದಿಲ್ಲ. ಹಾರನಹಳ್ಳಿಯಿಂದ ಸೊಸೆಯಾಗಿ ಬಂದ ಆಕೆ ಹಾಲು ಪರೀಕ್ಷಕಿಯಾಗಿ ಆ ಪೀಠವೇರಿ ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ನಾಲ್ವರು ಕಾರ್ಯದರ್ಶಿಗಳು, ಆರು ಮಂದಿ ಅಧ್ಯಕ್ಷರು ಬಂದು ಹೋದರು. ಇಟ್ಟಿಗೆ ಅಲುಗಲಿಲ್ಲ.

ಆಕೆಯ ಅಧಿಕಾರವಿದ್ದದ್ದು ಹಾಲಿನಲ್ಲಲ್ಲ, ಒಂದು ಪಟ್ಟಿಯಲ್ಲಿ. ಪಶುವೈದ್ಯ ಸುನೀಲ್‌ಕುಮಾರ್ ಊರಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ, ಅದೂ ಎರಡೇ ಗಂಟೆ. ಐದು ಕೊಟ್ಟಿಗೆ ಸುತ್ತುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಊರಲ್ಲಿರುವುದು ನೂರ ನಲವತ್ತಮೂರು ಹಸು. ಯಾವ ಐದು? ಡಾಕ್ಟರು ಬೈಕಿನಿಂದ ಇಳಿಯುವ ಮುಂಚೆಯೇ ಶಿವರುದ್ರಮ್ಮನ ಮುಖ ನೋಡುತ್ತಿದ್ದರು. ಆಕೆ ಹಾಲಿನಿಂದ ಕಣ್ಣೆತ್ತದೆ ಐದು ಹೆಸರು ಹೇಳುತ್ತಿದ್ದಳು. ಅಷ್ಟೇ, ತೀರ್ಪು ಮುಗಿಯಿತು.

ಇದು ಸುಲಭದ ವಿದ್ಯೆಯಲ್ಲ. ತನ್ನ ಹಸು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ಹುಂಬ ಆ ಊರಲ್ಲಿ ಇನ್ನೂ ಹುಟ್ಟಿಲ್ಲ; ಹೇಳಿದರೆ ದೃಷ್ಟಿ ತಾಗುತ್ತದಲ್ಲ! ಮೂಲೆಮನೆ ಸುನಂದಮ್ಮ ಕ್ಯಾನು ತುಂಬ ಹಾಲು ಸುರಿಯುತ್ತಲೇ, "ಏನ್ ಚೆಂದವೋ ಬುಡವ್ವ, ಇವತ್ತೋ ನಾಳೆಯೋ ಅನ್ನಂಗೈತೆ" ಎಂದು ಸೆರಗು ಮೂಗಿಗೆ ಹಿಡಿಯುತ್ತಾಳೆ. ಹಾಗಂದರೆ ಹಸು ಕಲ್ಲುಗುಂಡಿನಂತಿದೆ ಎಂದರ್ಥ. ಗೋಳಾಡದೆ, ಸುಮ್ಮನೆ ಹಾಲು ಅಳೆಸಿಕೊಂಡು ಹೊರಡುವವರ ಕೊಟ್ಟಿಗೆಯಲ್ಲೇ ಏನೋ ಕೆಟ್ಟಿರುತ್ತದೆ. ಈ ಲೆಕ್ಕವೆಲ್ಲ ಶಿವರುದ್ರಮ್ಮನ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಹೊಸ ಕಾರ್ಯದರ್ಶಿ ರೇಣುಕಾಪ್ರಸಾದ್‌ಗೆ ನಿದ್ದೆ ಬಾರದಂತೆ ಮಾಡಿದ್ದು ಇದೇ. ಮೈಸೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ, ದಿಗ್ವಿಜಯದಿಂದ ಮರಳಿದ ದಳಪತಿಯಂತೆ ಬಂದವನೇ ಡೇರಿಯ ಗೋಡೆಗೆ ಟೀವಿಯಷ್ಟು ದೊಡ್ಡ ಪರದೆ ಹೊಡೆಸಿದ.

"ಶಿವರುದ್ರಮ್ಮೋರೇ, ಒಬ್ರ ತಲೇಲಿರೋದು ಸಂಘದ ಜ್ಞಾನ ಆಗಲ್ಲ. ಎಲ್ಲಾ ಸಿಸ್ಟಮ್ಮಲ್ಲಿರ್ಬೇಕು. ನಾಳೆ ನಿಮಗೇ ಏನಾರಾ ಆದ್ರೆ?"

"ನಂಗೇನಾಗದಪ್ಪಾ? ಬೇಕಾದ್ರೆ ನಿನ್ ಸಿಸ್ಟಮ್ಮಿಗೇ ಕಟ್ಟು ಒಂದು ತಾಯತ."

ಆಡಳಿತ ಮಂಡಳಿ ಸಭೆ ಸೇರಿ ಠರಾವು ಮಾಡಿತು. ಇನ್ನು ಬೆಳಿಗ್ಗೆ ಮನೆಮನೆಗೆ ಫೋನು ಹೋಗುತ್ತದೆ, ಯಂತ್ರವೇ ಹೆಣ್ಣುದನಿಯಲ್ಲಿ ಮೂರು ಪ್ರಶ್ನೆ ಕೇಳುತ್ತದೆ: ಹಸು ಮೇಯುತ್ತಿದೆಯೇ, ಹಾಲು ಹೇಗಿದೆ, ಲವಲವಿಕೆಯಿದೆಯೇ. ಉತ್ತರದ ಮೇಲೆ ಸಿಸ್ಟಮ್ಮು ಐದು ಮನೆ ಆರಿಸುತ್ತದೆ. ಒಂದು ತಿಂಗಳ ಪರೀಕ್ಷೆ. ಅಲ್ಲಿಯವರೆಗೆ ಶಿವರುದ್ರಮ್ಮ ಹಸುಗಳ ವಿಷಯದಲ್ಲಿ ತುಟಿ ಬಿಚ್ಚುವಂತಿಲ್ಲ. ಪರೀಕ್ಷೆ ಗೆದ್ದರೆ ಪಟ್ಟಿ ಎಂದೆಂದಿಗೂ ಯಂತ್ರದ್ದು. ಆಕೆಗೆ ಉಳಿಯುವುದು ಹಾಲಿನ ಡಿಗ್ರಿ ನೋಡುವ ಕೆಲಸ ಮಾತ್ರ. ಶಿವರುದ್ರಮ್ಮ ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರದಲ್ಲಿ ರುಜು ಹಾಕಿದಳು. ಹೊರಡುವ ಮುಂಚೆ ಕುರ್ಚಿಯ ಇಟ್ಟಿಗೆಗಳನ್ನು ಒಮ್ಮೆ ಒತ್ತಿ ನೋಡಿದಳು.

ಮೊದಲ ಶುಕ್ರವಾರ ಬಂತು. ಏಳು ಗಂಟೆಗೆ ಪರದೆ ಬೆಳಗಿತು. ಕಾಯಿಲೆಗೆ ಕೆಂಪು, ಆರೋಗ್ಯಕ್ಕೆ ಹಸಿರು. ಪರದೆ ತುಂಬ ಕುಂಕುಮ ಚೆಲ್ಲಿದಂತಾಯಿತು. ಯಂತ್ರದ ಪ್ರಕಾರ ಕೆಂಚನಕೊಪ್ಪಲಿನ ಗೋಸಂಕುಲವೆಲ್ಲ ಏಕಕಾಲಕ್ಕೆ ಮರಣಶಯ್ಯೆಯಲ್ಲಿತ್ತು. ಅದೇ ಹೊತ್ತಿಗೆ ಆ ಸಾಯುತ್ತಿರುವ ಹಸುಗಳ ಹಾಲಿನಿಂದ ಡೇರಿಯ ಕ್ಯಾನುಗಳು ಉಕ್ಕುತ್ತಿದ್ದವು.

"ಸಾಂಕ್ರಾಮಿಕ ಇರ್ಬೋದಾ ಸಾರ್?" ಎಂದು ರೇಣುಕಾಪ್ರಸಾದ್ ಬೆವರು ಒರೆಸಿಕೊಂಡ.

ಡಾಕ್ಟರು ಪಟ್ಟಿಯ ಮೊದಲ ಮನೆಗೆ ಧಾವಿಸಿದರು. ಅತ್ಯಂತ ಕರುಣಾಜನಕ ಉತ್ತರ ಕೊಟ್ಟಿದ್ದ ಸುನಂದಮ್ಮನದು ಅದು. ಹಸು ಅವರ ಮೊಣಕಾಲಿಗೆ ಒದ್ದು, ಸ್ಟೆತಸ್ಕೋಪನ್ನು ತಿಪ್ಪೆಗೆ ಕಳಿಸಿತು. ಸುನಂದಮ್ಮ ಅದಕ್ಕಿಂತ ಜೋರಾಗಿ ಬಾಯಿ ಮಾಡಿದಳು.

"ಗುಂಡುಕಲ್ಲಂಗಿರೋ ಹಸೀಗೆ ಸೂಜಿ ಚುಚ್ಚಕ್ಕೆ ಬಂದ್ರಾ ಡಾಕ್ಟ್ರೇ? ಯಾರ್ ಹೇಳಿದ್ದು ಕಾಯ್ಲೆ ಅಂತ?"

"ನೀವೇ ಅಲ್ವೇನಮ್ಮ, ಬೆಳಿಗ್ಗೆ ಫೋನಲ್ಲಿ?"

"ಇನ್ನೇನ್ ಮತ್ತೆ, ಗುರ್ತು ಪರಿಚಯ ಇಲ್ದಿರೋ ಹೆಂಗ್ಸು ಫೋನ್ ಮಾಡಿ ಕೇಳಿದ್ರೆ ಚೆನ್ನಾಗೈತೆ ಅನ್ನಕ್ಕಾಯ್ತದಾ?"

ಮುಕ್ಕಾಲು ಗಂಟೆ ಕಳೆದುಕೊಂಡು ಡಾಕ್ಟರು ಕುಂಟುತ್ತ ಡೇರಿಗೆ ಮರಳಿದರು. ಆಗಲೇ ರೇಣುಕಾಪ್ರಸಾದ್‌ಗೆ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಕಂಡದ್ದು.

"ನೋಡಿ ಸಾರ್, ಒಂದಾದ್ರೂ ಚೆನ್ನಾಗಿದೆ! ಮಹದೇವಪ್ಪನ ಹಸು. ಭರ್ಜರಿ ಮೇಯ್ತಿದೆ, ಹಾಲು ಭರ್ತಿ, ಲವಲವಿಕೆ ಹೇಳ್ಬೇಕಾ ಅಂದವ್ನೆ."

ಶಿವರುದ್ರಮ್ಮನ ಕೈಯಲ್ಲಿದ್ದ ಅಳತೆಗೋಲು ಟಣ್ಣೆಂದು ಕ್ಯಾನಿಗೆ ಬಿತ್ತು. ಮಹದೇವಪ್ಪ ಇವತ್ತು ಹಾಲು ತಂದಿರಲಿಲ್ಲ. ತುಟಿ ಬಿಚ್ಚಿದರೆ ಠರಾವು ಮುರಿದಂತೆ, ಸಿಂಹಾಸನ ಹೋದಂತೆ. ಬಿಚ್ಚದಿದ್ದರೆ? ಅವಳು ಒಂದು ಗಳಿಗೆ ಇಟ್ಟಿಗೆ ನೋಡಿದಳು, ಒಂದು ಗಳಿಗೆ ಹಸಿರು ಚುಕ್ಕೆ ನೋಡಿದಳು. ಒಂದು ತಿಂಗಳ ಮೌನವ್ರತ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು.

"ಡಾಕ್ಟ್ರೇ, ಬೈಕ್ ತಿರುಗ್ಸಿ. ಚೆನ್ನಾಗೈತೆ ಅಂದವ್ನೆ ಅಂದ್ರೆ ಮಾರಕ್ಕೆ ನಿಂತವ್ನೆ. ಮಾರೋ ಹಸು ಹಾಲು ಇವತ್ತು ಡೇರಿಗೆ ಬಂದಿಲ್ಲ ಅಂದ್ರೆ ಏನೋ ಎಡವಟ್ಟಾಗೈತೆ ಕಣ್ರೀ!"

"ಶಿವರುದ್ರಮ್ಮೋರೇ, ಠರಾವು..." ಎಂದ ರೇಣುಕಾಪ್ರಸಾದ್.

"ಠರಾವು ತಂದು ಹಸೀಗೆ ತಿನ್ಸಪ್ಪ" ಎಂದವಳೇ ಬೈಕಿನ ಹಿಂದೆ ಏರಿದಳು.

ಮಹದೇವಪ್ಪನ ಕೊಟ್ಟಿಗೆಯಲ್ಲಿ ಹಸು ಡೋಲಿನಂತೆ ಉಬ್ಬಿಕೊಂಡು ಹಲ್ಲು ಕಡಿಯುತ್ತಿತ್ತು. ಮಧ್ಯಾಹ್ನ ಬೈಲಕುಪ್ಪೆ ಕಡೆಯಿಂದ ಕೊಳ್ಳುವವರು ಬರುವವರಿದ್ದರು. ಹಸು ದುಂಡಗೆ ಕಾಣಲಿ ಎಂದು, ಹಿಂದಿನ ದಿನದ ಮದುವೆಯಲ್ಲಿ ಮಿಕ್ಕ ಎರಡು ಬುಟ್ಟಿ ಅನ್ನ ತಿನ್ನಿಸಿದ್ದ ಮಹಾನುಭಾವ. ಹಸು ದುಂಡಗೇನೋ ಆಗಿತ್ತು.

"ಅಲ್ಲ ಕಣ್ ತಮ್ಮ, ಮದ್ವೆ ಊಟ ಹಾಕ್ಸಿದ್ದೀಯ, ಎಲೆಅಡಿಕೆ ಕೊಡ್ಲಿಲ್ವಾ?" ಎಂದಳು ಶಿವರುದ್ರಮ್ಮ. ಮಹದೇವಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ.

ಗಂಟಲಿಗೆ ಕೊಳವೆ ಇಳಿಯಿತು, ಸೋಡಾಪುಡಿಯ ನೀರು ಹೋಯಿತು, ಸೂಜಿ ಬಿತ್ತು. "ಸಾಯಂಕಾಲದವರೆಗೆ ಬಿಟ್ಟಿದ್ರೆ ಉಳೀತಿರ್ಲಿಲ್ಲ" ಎಂದರು ಡಾಕ್ಟರು. ಕೊಳ್ಳುವವರಿಗೆ ಬರಬೇಡಿ ಎಂದು ಮಹದೇವಪ್ಪನೇ ಫೋನು ಮಾಡಿದ.

ರೇಣುಕಾಪ್ರಸಾದ್ ಸೋಲೊಪ್ಪುವ ಜಾತಿಯವನಲ್ಲ. ಅಂದೇ ಪುಸ್ತಕ ಹಿಡಿದು ಕೂತ. "ಹೇಳಿ, ಯಾರು ಹೇಗಂದ್ರೆ ಏನರ್ಥ, ಎಲ್ಲಾ ಬರ್ಕೋತೀನಿ. ಸಿಸ್ಟಮ್ಮಿಗೆ ಹಾಕ್ಬಿಡೋಣ."

"ಹಾಕು ಮಗಾ. ಸುನಂದಮ್ಮ ಸುಳ್ಳು ಹೇಳ್ತಾಳೆ ಅಂತ ಗೋಡೆ ಮೇಲೆ ಬರ್ದ ದಿನ ಅವ್ಳು ನನ್ ಜೊತೇಲೂ ಮಾತು ನಿಲ್ಲಿಸ್ತಾಳೆ. ಆಮೇಲೆ ನಿನ್ ಪರದೇನೂ ಕುರುಡು, ನಾನೂ ಕುರುಡು."

ಅವನು ಪೆನ್ನು ಜೇಬಿಗೆ ಸಿಕ್ಕಿಸಿದ. ಪುಸ್ತಕ ಮುಚ್ಚಿದ. ಸೋಮವಾರ ಮಂಡಳಿ ಹೊಸ ಠರಾವು ಮಾಡಿತು: ಪಟ್ಟಿ ಯಂತ್ರ ಮಾಡತಕ್ಕದ್ದು, ಅದರಲ್ಲಿ ಹೆಸರು ಹೊಡೆದು ಬೇರೆ ಬರೆಯುವ ಅಧಿಕಾರ ಹಾಲು ಪರೀಕ್ಷಕಿಯದು.

ಮಂಗಳವಾರ ಪರದೆ ಮತ್ತೆ ಕೆಂಪಾಯಿತು, ಈ ಸಲ ಒಂದೂ ಬಿಡದೆ. ಶಿವರುದ್ರಮ್ಮ ಯಂತ್ರದ ಐದು ಹೆಸರಲ್ಲಿ ನಾಲ್ಕನ್ನು ಹೊಡೆದು ಬೇರೆ ನಾಲ್ಕು ಬರೆದಳು. ಉಳಿದದ್ದು ಮಹದೇವಪ್ಪನದು. ಅಷ್ಟರಲ್ಲಿ ಅವನೇ ಅರ್ಧ ಕ್ಯಾನು ಹಾಲು ಹಿಡಿದು ಬಾಗಿಲಲ್ಲಿ ನಿಂತ.

"ಹೆಂಗೈತಪ್ಪ ಹಸು?"

"ಅಯ್ಯೋ, ಏನ್ ಹೇಳ್ಳಿ ಕಣಕ್ಕ. ಬರೀ ಮೂಳೆ. ಮುಸುರೆ ಮೂಸಲ್ಲ, ಹಾಲಿಲ್ಲ. ಯಾವ ಗಳಿಗೇಲಿ ಏನೋ!"

ಶಿವರುದ್ರಮ್ಮನ ಮುಖ ಅರಳಿತು. ಪಟ್ಟಿಯಲ್ಲಿದ್ದ ಅವನ ಹೆಸರನ್ನೂ ಹೊಡೆದುಹಾಕಿದಳು.